ನೀಲಿ ಗಾಲಿಯ ಚೀಲ

ಯಶೋಧಾ ತರಕಾರಿಯ ಪಾಲಿಗೆ ಸೇರಿದ್ದು ಆರೋಗ್ಯದ ಆಸೆಯಿಂದಲ್ಲ, ಔಷಧಿ ಹೊಡೆಯದ ಬೆಳೆಯ ಮೇಲಿನ ಪ್ರೀತಿಯಿಂದಲೂ ಅಲ್ಲ. ಅವಳಿಗೆ ಸಾಕಾಗಿಹೋಗಿತ್ತು, ಅದಕ್ಕೇ ಸೇರಿದಳು. ಬೈಲಹೊಂಗಲದ ಒಂದು ಖಾಸಗಿ ದವಾಖಾನೆಯಲ್ಲಿ ಅವಳು ನರ್ಸು. ದಿನವಿಡೀ ನಿಂತು, ಮಂದಿಯ ಕೈಗೆ ಸೂಜಿ ಚುಚ್ಚಿ, ಚುಚ್ಚಿದ್ದಕ್ಕೆ ಬೈಸಿಕೊಂಡು ಸಂಜೆ ಹೊರಬಿದ್ದರೆ ಕಾಯಿಪಲ್ಯದ ಬಜಾರಿನಲ್ಲಿ ಮತ್ತೆ ನಿಲ್ಲಬೇಕಿತ್ತು. ಬಾಡಿದ ಮೆಂತ್ಯದ ಸೂಡಿಗೆ ಚೌಕಾಶಿ ಮಾಡಬೇಕಿತ್ತು. ಗಂಡ ಸಂದೀಪ ರಾಮದುರ್ಗದಲ್ಲಿ ಲೈನ್‌ಮನ್. ವಾರಕ್ಕೊಮ್ಮೆ ಬಂದು, ಉಂಡು, ಮಲಗಿ, ಎದ್ದು ಹೋಗುವ ಆಸಾಮಿ. ಪಾಪ, ಅವನೂ ದಣಿದೇ ಬರುತ್ತಿದ್ದ. ಹೀಗಾಗಿ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಸುಖವೂ ಅವಳಿಗಿರಲಿಲ್ಲ.

ಮನೆಯಲ್ಲಿದ್ದವಳು ಅತ್ತೆ ರಾಯವ್ವ. ಮೊಣಕಾಲು ಹಿಡಿದುಕೊಂಡು ಬಜಾರಿಗೆ ಹೋಗಲಾರದವಳು. ಆದರೆ ಸೊಸೆ ತಂದ ಬದನೆಕಾಯಿಯಲ್ಲಿ ಹುಳವಿದ್ದರೆ ಕೂತಲ್ಲಿಂದಲೇ ಕಂಡುಹಿಡಿಯುತ್ತಿದ್ದಳು. "ಯಾರ ಕೊಟ್ರವಾ ಇದನ್ನ, ಪುಕ್ಕಟ ಕೊಟ್ರೇನು?" ಎಂದು ಕೇಳುತ್ತಿದ್ದಳು. ಯಶೋಧಾ ಒಲೆ ಹಚ್ಚುತ್ತಿದ್ದಳು.

ಪಾಲಿನ ಸುದ್ದಿ ಹೇಳಿದವಳು ಮೀನಾ. ಸವದತ್ತಿ ತಾಲೂಕಿನ ಹೂಲಿಯ ಹೆಣ್ಣುಮಗಳು, ಬೈಲಹೊಂಗಲದ ನೆಂಟರ ಮನೆಗೆ ಬಂದಾಗ ಜ್ವರ ಹಿಡಿದು ದವಾಖಾನೆಯಲ್ಲಿ ಸಲೈನ್ ಹಚ್ಚಿಸಿಕೊಂಡು ಮಲಗಿದ್ದಳು. ಸುಮ್ಮನೆ ಮಲಗುವ ಜಾತಿಯಲ್ಲ ಅದು. ತಾನೂ ಗಂಡ ನಿಜಗುಣಪ್ಪನೂ ಭಾವಿಯ ಪಕ್ಕದ ಹೊಲದಲ್ಲಿ ತರಕಾರಿ ಬೆಳೆಯುವುದು, ದಲಾಲರ ಸಹವಾಸ ಬೇಡವೆಂದು ಊರ ಮನೆಗಳಿಗೆ ಪಾಲು ಕೊಡಲು ಶುರುಮಾಡಿದ್ದು ಎಲ್ಲವನ್ನೂ ಬಾಟಲಿ ಖಾಲಿಯಾಗುವುದರೊಳಗೆ ಹೇಳಿ ಮುಗಿಸಿದಳು.

"ಹಂಗಾಮಕ್ಕ ಒಮ್ಮೆ ಮುಂಗಡ ಕೊಟ್ಟ ಬಿಟ್ರ ಮುಗೀತ್ರಿ ಸಿಸ್ಟರ್. ಆಯಿತವಾರಕ್ಕೊಮ್ಮೆ ಚೀಲ ಬರತೈತಿ. ಹೆಚ್ಚ ಬೆಳದ್ರ ಹೆಚ್ಚ, ಕಮ್ಮಿ ಬೆಳದ್ರ ಕಮ್ಮಿ. ಇಂಥಾದ್ದ ಬೇಕು, ಇಂಥಾದ್ದ ಬ್ಯಾಡ ಅನ್ನಾಂಗಿಲ್ಲ ನೋಡ್ರಿ."

ಬೇರೆಯವರಿಗೆ ಅದು ತೊಂದರೆ ಅನ್ನಿಸಿರಬಹುದು. ಯಶೋಧಾಳ ಕಿವಿಗೆ ತಂಪಾಯಿತು. ಆರಿಸುವಂತಿಲ್ಲ, ಚೌಕಾಶಿ ಮಾಡುವಂತಿಲ್ಲ, ಅತ್ತೆ ಬೈದರೆ ಹೊಲವನ್ನು ಬೈಯಬೇಕು. ಅಂದೇ ಹೆಸರು ಹಚ್ಚಿಬಿಟ್ಟಳು.

ಒಂದೊಂದು ಮನೆಗೂ ಎರಡೆರಡು ಬಟ್ಟೆಯ ಚೀಲ. ತುಂಬಿದ್ದು ಬಂದಾಗ ಖಾಲಿಯಾದದ್ದು ವಾಪಸು ಹೋಗಬೇಕು. ಅದಲುಬದಲಾಗದಿರಲೆಂದು ಅವರವರ ಮನೆಯ ಗುರುತನ್ನು ಅವರವರೇ ಹೊಲಿದುಕೊಳ್ಳಬೇಕು. ರಾಯವ್ವ ಕನ್ನಡಕ ಏರಿಸಿಕೊಂಡು ಕೂತು ಎರಡೂ ಚೀಲದ ಮೇಲೆ ನೀಲಿ ದಾರದಲ್ಲಿ ಒಂದೊಂದು ಗಾಲಿ ಹೊಲಿದಳು. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಕ್ಕದಲ್ಲಿ, ಬಾಬಾಸಾಹೇಬರ ಫೋಟೋದ ಕೆಳಗೆ ಇದ್ದಂಥದೇ ಗಾಲಿ, ಕಡ್ಡಿ ಕಡ್ಡಿಯೂ ಕಾಣುವಂತೆ.

"ಒಂದ ಹೂವು ಹೊಲೀಬೇಕಿಲ್ರಿ ಅತ್ತಿ," ಎಂದಳು ಯಶೋಧಾ.

"ಹೂವಿನ ಚೀಲ ಊರ ತುಂಬ ಅದಾವು. ಇದು ನಮ್ಮದು ಅಂತ ನೋಡಿದವ್ರಿಗೆ ತಿಳೀಬೇಕೋ ಬ್ಯಾಡೋ?"

ತಿಳಿಯುತ್ತದೆ ಎನ್ನುವುದೇ ಯಶೋಧಾಳ ಚಿಂತೆಯಾಗಿತ್ತು. ಆದರೆ ಹೊಲಿದದ್ದನ್ನು ಬಿಚ್ಚಿರೆಂದು ಹೇಳುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ದಸರಾ ಮುಗಿದ ಮೇಲೆ ಚೀಲಗಳು ಬರತೊಡಗಿದವು. ಭಾನುವಾರ ಮುಚ್ಚಿರುತ್ತಿದ್ದ ಹಿಟ್ಟಿನ ಗಿರಣಿಯೊಂದರ ಕಟ್ಟೆಯೇ ಹಂಚುವ ಜಾಗ. ನಿಜಗುಣಪ್ಪ ಸಣ್ಣ ಗೂಡ್ಸ್ ಗಾಡಿಯಲ್ಲಿ ಬಂದು, ಚೀಲಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಎಲ್ಲರಿಗೂ ನಮಸ್ಕಾರ ಹೇಳುತ್ತ, ಕಿತ್ತೂರಿನ ಪಾಲುದಾರರು ಕಾಯುತ್ತಿದ್ದಾರೆಂದು ಅವಸರ ಮಾಡುತ್ತ ನಿಂತಿರುತ್ತಿದ್ದ. ಒಳ್ಳೆಯ ಮನುಷ್ಯನೇ. ಆದರೆ ಅವನ ಕಣ್ಣು ನೀಲಿ ಗಾಲಿಯ ಮೇಲೆ ಬಿದ್ದಾಗಲೆಲ್ಲ ಯಶೋಧಾ ಅವನ ಮುಖ ನೋಡುವಳು. ಏನೂ ಕಾಣುತ್ತಿರಲಿಲ್ಲ. ಕಾಣದಂತೆ ಇಟ್ಟುಕೊಳ್ಳುವವರನ್ನೂ ಅವಳು ಸಾಕಷ್ಟು ನೋಡಿದ್ದಳು.

ಮೊದಲ ಚೀಲ ಮನೆಗೆ ಬಂದ ದಿನ ರಾಯವ್ವ ನೆಲದ ಮೇಲೆ ಹಳೆಯ ಸೀರೆ ಹಾಸಿ ಎಲ್ಲವನ್ನೂ ಸುರುವಿಸಿದಳು. ಹೀರೇಕಾಯಿ, ಬೆಂಡೆ, ಮುಳ್ಳುಬದನೆ, ರಾಜಗಿರಿ, ಮಣ್ಣು ಮೆತ್ತಿದ ಮೂಲಂಗಿ. ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದಳು. ಅರ್ಧ ಆಯುಷ್ಯವನ್ನು ಸವದತ್ತಿ ಸೀಮೆಯ ಹೊಲಗಳಲ್ಲಿ ಕಸ ತೆಗೆದು ಕಳೆದವಳು ಅವಳು. ಆ ಕಾಲದಲ್ಲಿ ನೀರಡಿಸಿದರೆ ಬೊಗಸೆ ಹಿಡಿಯಬೇಕಿತ್ತು, ಗೌಡತಿ ಮೇಲಿನಿಂದ ಸುರಿಯುತ್ತಿದ್ದಳು. ಸಂಜೆ ಉಳಿದ ಬದನೆಕಾಯಿಯನ್ನೂ ಹಾಗೆಯೇ, ಕೈ ತಾಗದಂತೆ, ಉಡಿಗೆ ಎಸೆಯುತ್ತಿದ್ದಳು.

"ಇದು ಎಸದದ್ದಲ್ಲ," ಎಂದಳು ರಾಯವ್ವ ಮೂಲಂಗಿಯ ಮಣ್ಣು ಉಜ್ಜುತ್ತ. "ಇದು ಪಾಲು. ಆ ಹೊಲದಾಗ ಇಷ್ಟುದ್ದ ನಮ್ಮದೂ ಐತಿ."

ಅಂದಿನಿಂದ ಅವಳ ಬಾಯಲ್ಲಿ ಅದು ನಮ್ಮ ಹೊಲವಾಯಿತು. ಮೋಡ ಕವಿದರೆ ನಮ್ಮ ಹೊಲದಲ್ಲಿ ಹೆಂಗೋ ಏನೋ ಎನ್ನುವಳು. ಒಂದು ವಾರ ಅಕಾಲದ ಮಳೆ ಬಿದ್ದು ಟೊಮೆಟೊ ಎಲ್ಲ ಕೊಳೆತು, ಚೀಲದಲ್ಲಿ ಬರೀ ಮೂಲಂಗಿಯೂ ಎರಡು ಹಿಡಿ ಮೆಂತ್ಯವೂ ಬಂದಾಗ ಪಾಲುದಾರರ ವಾಟ್ಸಾಪ್ ಗುಂಪಿನಲ್ಲಿ ಕೆಲವರು ಗೊಣಗಿದರು. ಯಶೋಧಾ ಅದನ್ನು ಓದಿ ಹೇಳಿದ್ದಕ್ಕೆ ಮುದುಕಿಗೆ ಸಿಟ್ಟು ಬಂತು. "ಪಾಲ ಅಂದಮ್ಯಾಲೆ ಲುಕ್ಸಾನದಾಗೂ ಪಾಲ. ಇವರೇನ ಹಬ್ಬದಾಗಷ್ಟ ಬರೋ ಬೀಗರೇನು?" ಎಂದಳು. ಆ ವಾರವೆಲ್ಲ ಮನೆಯಲ್ಲಿ ಮೂಲಂಗಿಯದೇ ದರ್ಬಾರು.

ತೊಂದರೆ ಶುರುವಾದದ್ದು ಎರಡನೆಯ ಭಾನುವಾರ, ಖಾಲಿ ಚೀಲವನ್ನು ವಾಪಸು ಒಯ್ಯುವಾಗ. ಆ ಕಡೆಯ ಮನೆಗಳಲ್ಲಿ ನೆರೆಯವರು ಪಲ್ಯವನ್ನೋ ಹೋಳಿಗೆಯನ್ನೋ ಕಳಿಸಿದ ಬಟ್ಟಲನ್ನು ಬರಿದೇ ತಿರುಗಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಅದರಲ್ಲಿ ಬೀಳಬೇಕು. ಮನೆಯಲ್ಲಿ ಸಕ್ಕರೆಯೂ ಇಲ್ಲದ ದಿನಗಳಲ್ಲಿ ನಾಲ್ಕು ಜೋಳದ ಕಾಳು ಹಾಕಿ ಕಳಿಸಿದ ಹೆಂಗಸು ರಾಯವ್ವ. ಯಶೋಧಾ ಗಿರಣಿಯ ಕಟ್ಟೆ ಮುಟ್ಟಿದಾಗ ಚೀಲದ ತಳದಲ್ಲಿ ಏನೋ ಭಾರವಾಯಿತು. ಕೈ ಹಾಕಿದರೆ ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದರೆ ಅಗಸಿ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಆಗತಾನೇ ಹುರಿದು ಕುಟ್ಟಿದ್ದು, ಬೆಳ್ಳುಳ್ಳಿಯ ಘಮ ಮೂಗಿಗೆ ಹೊಡೆಯಿತು.

ಅವಳ ಮುಂದೆ ನಿಂತಿದ್ದ ಮಾಸ್ತರರ ಹೆಂಡತಿಯೂ ಚೀಲದಲ್ಲಿ ಏನೋ ಇಟ್ಟುಕೊಂಡು ಬಂದಿದ್ದಳು. ಶೇಂಗಾ ಉಂಡಿ. ನಿಜಗುಣಪ್ಪ "ಇದನ್ನೆಲ್ಲ ಯಾಕ ಮಾಡಾಕ ಹೋದ್ರಿ ಅಕ್ಕಾರ," ಎಂದು ಹೇಳುತ್ತಲೇ ಒಂದನ್ನು ಬಾಯಿಗೆ ಹಾಕಿಕೊಂಡು, ಅಗಿಯುತ್ತ ನಕ್ಕ. ಮುಂದಿನ ಸರದಿ ಯಶೋಧಾಳದು. ಅವಳು ಡಬ್ಬಿಯನ್ನು ಚೀಲದಿಂದ ತೆಗೆದು ತನ್ನ ವ್ಯಾನಿಟಿ ಬ್ಯಾಗಿಗೆ ಇಳಿಬಿಟ್ಟು, ಚೀಲವನ್ನು ನಾಲ್ಕು ಮಡಿಕೆ ಮಡಚಿ ಅವನ ಕೈಗೆ ಕೊಟ್ಟಳು.

ಯಾಕೆ ಹಾಗೆ ಮಾಡಿದಳೆಂದು ತಿಳಿಯಬೇಕಾದರೆ ದವಾಖಾನೆಯ ಮಧ್ಯಾಹ್ನದ ಊಟ ನೋಡಬೇಕು. ಹೆಂಗಸರೆಲ್ಲ ಒಂದೇ ಟೇಬಲ್ಲಿಗೆ ಕೂತು ಡಬ್ಬಿ ಬಿಚ್ಚುತ್ತಾರೆ, ಒಬ್ಬರದು ಒಬ್ಬರು ಹಂಚಿಕೊಳ್ಳುತ್ತಾರೆ. ಯಶೋಧಾ ತನ್ನದನ್ನು ನಡುವೆ ಸರಿಸಿದ ದಿನ ಒಬ್ಬಳಿಗೆ ಸೋಮವಾರದ ಒಪ್ಪತ್ತು, ಇನ್ನೊಬ್ಬಳಿಗೆ ಹೊಟ್ಟೆ ಸರಿಯಿಲ್ಲ. ಮತ್ತೊಬ್ಬಳು ಮೂಗು ಅರಳಿಸಿ, "ಏನ ಘಮ ಬಂದೈತ್ರಿ ಸಿಸ್ಟರ್, ಭಾರಿ ಆಗೈತಿ ಬಿಡ್ರಿ," ಎಂದು ಹೊಗಳಿ ತನ್ನ ರೊಟ್ಟಿಗೆ ತಿರುಗುವಳು. ಅವಳ ಕೈಯಡಿಗೆಯನ್ನು ಅಷ್ಟು ಹೊಗಳಿದವರೂ ಇಲ್ಲ, ಅಷ್ಟು ಕಡಿಮೆ ತಿಂದವರೂ ಇಲ್ಲ. ಯಾರೂ ಒರಟು ಮಾತಾಡಿದ್ದಿಲ್ಲ. ಆಡಿದ್ದರೆ ಜಗಳವಾದರೂ ತೆಗೆಯಬಹುದಿತ್ತು. ಈ ನಯವಾದ ಮಾತಿನೊಂದಿಗೆ ಏನು ಜಗಳ ತೆಗೆಯುವುದು? ಅವಳು ಈಚೆಗೆ ರಿಪೋರ್ಟು ಬರೆಯುವ ನೆಪ ಮಾಡಿ ತಡವಾಗಿ, ಒಬ್ಬಳೇ ಉಣ್ಣುತ್ತಿದ್ದಳು. ಮನೆಯಲ್ಲಿ ಇದನ್ನು ಹೇಳಿರಲಿಲ್ಲ.

ಅದೇ ಮಾತು ಅತ್ತೆಯ ಡಬ್ಬಿಗೂ ಬರಬಾರದು. ತಾನು ಹೇಗೋ ನುಂಗಿಕೊಂಡಿದ್ದಾಳೆ, ನುಂಗುವುದು ರೂಢಿಯಾಗಿದೆ. ಈ ವಯಸ್ಸಿನಲ್ಲಿ, ನಮ್ಮ ಹೊಲವೆಂದು ಹಿಗ್ಗುತ್ತಿರುವ ಮುದುಕಿಗೆ ಅದು ಬೇಡ. ಅಷ್ಟೇ ಅವಳ ಲೆಕ್ಕಾಚಾರ.

ಆದರೆ ಸುಳ್ಳಿಗೂ ಮೈಮುರಿದು ದುಡಿಯಬೇಕಾಗುತ್ತದೆ. ಡಬ್ಬಿ ಹೋಯಿತೆಂದರೆ ಡಬ್ಬಿ ಬರಬೇಕು, ಬರುವಾಗ ಅದೂ ಖಾಲಿ ಬರಬಾರದು. ಹಾಗಾಗಿ ಪ್ರತಿ ಭಾನುವಾರ ಯಶೋಧಾ ಗಿರಣಿಯಿಂದ ನೇರ ಬಜಾರಿಗೆ ಹೋಗಿ ಒಂದು ಹೆಂಟೆ ಬೆಲ್ಲವನ್ನೋ ನಾಲ್ಕು ಲಿಂಬೆಹಣ್ಣನ್ನೋ ಕೊಂಡು, ಹಿಂದಿನ ವಾರದ ಡಬ್ಬಿಗೆ ತುಂಬಿ, "ಹೂಲಿಯ ಅವ್ವ ಕೊಟ್ಟ ಕಳಿಸ್ಯಾರ್ರಿ," ಎಂದು ಅತ್ತೆಯ ಮುಂದಿಡತೊಡಗಿದಳು. ಹೂಲಿಯ ಅವ್ವನೆಂದರೆ ನಿಜಗುಣಪ್ಪನ ತಾಯಿ ಸಿದ್ದಲಿಂಗವ್ವ. ಇಬ್ಬರೂ ಅವಳ ಮುಖ ಕಂಡವರಲ್ಲ. ಬಜಾರಿನ ದಾರಿ ತಪ್ಪಿಸಿಕೊಳ್ಳಲು ಪಾಲಿಗೆ ಸೇರಿದವಳು ಇದ್ದೊಂದು ರಜೆಯ ದಿನವೂ ಬಜಾರಿಗೆ ಹೋಗುವಂತಾಯಿತು.

ಹಿಂಡಿಯನ್ನು ಚೆಲ್ಲಲು ಮನಸ್ಸಾಗಲಿಲ್ಲ. ಮುದುಕಿ ನೋಯುವ ಮೊಣಕಾಲಿನಲ್ಲಿ ಒಲೆಯ ಮುಂದೆ ಕೂತು ಹುರಿದದ್ದು. ಯಶೋಧಾ ಅದನ್ನು ದವಾಖಾನೆಗೆ ಒಯ್ದು ಒಬ್ಬಳೇ ತಿನ್ನುತ್ತಿದ್ದಳು, ರೊಟ್ಟಿಗೂ ಅನ್ನಕ್ಕೂ ಕಲೆಸಿ, ನಾಲಿಗೆ ಉರಿಯುವವರೆಗೆ. ಕೆಲವು ವಾರ ಕಳೆದ ಮೇಲೆ ಅಗಸಿ ಎಂಬ ಶಬ್ದ ಕೇಳಿದರೂ ಅವಳಿಗೆ ಸುಸ್ತಾಗುತ್ತಿತ್ತು.

"ಸಿದ್ದಲಿಂಗವ್ವ ಮರ್ಯಾದಿ ಗೊತ್ತಿದ್ದ ಹೆಣ್ಮಗಳು," ಎಂದು ರಾಯವ್ವ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಹೇಳುವಳು. "ಈ ಸಲ ಗುರೆಳ್ಳ ಹಿಂಡಿ ಮಾಡ್ತೇನಿ. ಆಕಿಗೆ ಹಲ್ಲ ಅದಾವೋ ಇಲ್ಲೋ, ಸಣ್ಣಗ ಕುಟ್ಟಬೇಕು."

ಹೀಗೇ ಹಂಗಾಮು ಮುಗಿದುಹೋಗುತ್ತಿತ್ತೇನೋ. ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಒಕ್ಕಲು ಮನೆಗಳವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರಿಗೆ ಚರಗ ಚೆಲ್ಲಿ, ಅಂದರೆ ಮಾಡಿದ ಅಡುಗೆಯನ್ನೆಲ್ಲ ಒಂದಿಷ್ಟು ಕಲೆಸಿ ಹೊಲದ ಸುತ್ತ ಎರಚಿ, ಅಲ್ಲೇ ಕೂತು ಉಣ್ಣುವ ದಿನ. ಮೀನಾ ಗುಂಪಿನಲ್ಲಿ ತನ್ನ ದನಿಯಲ್ಲೇ ಹೇಳಿ ಕಳಿಸಿದ್ದಳು: "ಪಾಲುದಾರ್ರೆಲ್ಲ ಹೊಲಕ್ಕ ಬರಬೇಕ್ರಿ. ನಮ್ಮಷ್ಟ ನಿಮ್ಮದೂ ಹೊಲಾನ ಅದು." ಯಶೋಧಾ ಅದನ್ನು ಅತ್ತೆಗೆ ಕೇಳಿಸದೆ ಅಳಿಸಿಬಿಡಬಹುದಿತ್ತು. ಆದರೆ ಸಂದೀಪ ಆ ದಿನ ಮನೆಯಲ್ಲಿದ್ದ. ಅವನ ಫೋನಿಗೂ ಬಂದಿತ್ತು. ಅವನು ಪಡಸಾಲೆಯಲ್ಲಿ ಕೂತು ಜೋರಾಗಿ ಹಚ್ಚಿ, ಮತ್ತೊಮ್ಮೆಯೂ ಹಚ್ಚಿ ಕೇಳಿಸಿದ.

ಹೋಗುವ ದಿನ ರಾಯವ್ವ ಹೊಸ ಇಳಕಲ್ ಸೀರೆ ಉಟ್ಟು, ಡಬ್ಬಿಯನ್ನು ಉಡಿಯಲ್ಲಿಟ್ಟುಕೊಂಡು ಕೂತಿದ್ದಳು.

"ಅದನ್ನ ಒಯ್ಯೋದ ಬ್ಯಾಡ್ರಿ ಅತ್ತಿ. ಚರಗದ ಅಡಗಿ ಇರತೈತಿ. ಹೊರಗಿಂದ ಒಯ್ಯಬಾರದಂತ."

"ಯಾರ ಹೇಳಿದ್ರು?"

"ಗುಂಪಿನಾಗ ಬಂದಿತ್ತರಿ."

ರಾಯವ್ವ ಸೊಸೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಡಬ್ಬಿಯನ್ನು ಮೆಲ್ಲಗೆ ಕಿಟಕಿಯ ಪಡಿಯಲ್ಲಿಟ್ಟು, ಬರಿಗೈಯಲ್ಲಿ ಎದ್ದಳು. ಬಸ್ಸು ಸವದತ್ತಿ ಮುಟ್ಟುವವರೆಗೂ ಆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದವಳಂತೆ ಸೆರಗಿನ ಚುಂಗನ್ನು ತೀಡುತ್ತಲೇ ಇದ್ದಳು. ಅಲ್ಲಿಂದ ಟಂಟಂ ಹಿಡಿದು ಹೂಲಿಗೆ ಹೋದರು.

ಹೊಲ ಚೆಂದವಿತ್ತು. ಅತ್ತ ತೆನೆ ಹೊಡೆದು ನಿಂತ ಜೋಳ, ಅಂಚಿಗೆ ಕುಸುಬೆ, ಭಾವಿಯ ಬದಿಗೆ ತರಕಾರಿಯ ಮಡಿಗಳು. ರಾಯವ್ವ ಚಪ್ಪಲಿ ಬಿಟ್ಟು ಬದುವಿನ ಮೇಲೆ ನಡೆದಳು. ಬದನೆಯ ಮಡಿಯಲ್ಲಿ ಕಂಡ ಕಸವನ್ನು ನಡೆನಡೆಯುತ್ತಲೇ ಬಗ್ಗಿ ಕಿತ್ತಳು. ಮೀನಾ "ಬಿಡ್ರಿ ಆಯಿ, ಇವತ್ತ ಕೆಲಸ ಮಾಡಬಾರದು," ಎಂದಳು. "ನಮ್ಮ ಹೊಲ ಅಂದಿಲ್ಲೇನವಾ ನೀ?" ಎಂದು ರಾಯವ್ವ ಇನ್ನೊಂದು ಹಿಡಿ ಕಿತ್ತಳು.

ಬನ್ನಿಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲುಗಳಿಗೆ ಪೂಜೆಯಾಯಿತು. ನಿಜಗುಣಪ್ಪ ಕೂಗು ಹಾಕುತ್ತ ಚರಗ ಚೆಲ್ಲಿ ಬಂದ. ಜಮಖಾನೆ ಹಾಸಿ ಎಲ್ಲರೂ ಸಾಲಾಗಿ ಕೂತರು. ರಾಯವ್ವ ಹಳೆಯ ರೂಢಿಯಂತೆ ಸಾಲಿನ ತುದಿಗೆ, ಅರ್ಧ ಜಮಖಾನೆಯ ಮೇಲೆ ಅರ್ಧ ಮಣ್ಣಿನ ಮೇಲೆ ಕೂತಳು. ಸಿದ್ದಲಿಂಗವ್ವ ಬಡಿಸುತ್ತ ಬಂದಳು. ಗಟ್ಟಿ ಮೈಯ, ಗಟ್ಟಿ ದನಿಯ ಮುದುಕಿ, ಮೂಗಿನಲ್ಲಿ ದೊಡ್ಡ ನತ್ತು.

"ಅಲ್ಲ್ಯಾಕ ಕುಂತಿ ಯಕ್ಕಾ, ಮ್ಯಾಲ ಸರಿ," ಎಂದು ರಾಯವ್ವನ ತೋಳು ಹಿಡಿದು ಸರಿಸಿ, ಎಳ್ಳು ಹಚ್ಚಿದ ಸಜ್ಜೆರೊಟ್ಟಿಯನ್ನು ಕೈಯಾರೆ ತಾಟಿಗೆ ಹಾಕಿದಳು. ಮೇಲಿನಿಂದ ಎಸೆಯಲಿಲ್ಲ. ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಎಲ್ಲವೂ ಹಾಗೆಯೇ ಬಂತು. ರಾಯವ್ವನ ಮುಖ ಅರಳಿತು.

"ನೀವು ಯಾವ ಚೀಲದವರು?" ಎಂದು ಸಿದ್ದಲಿಂಗವ್ವ ಕೇಳಿದಳು. ಚೀಲ ತುಂಬುವವಳೂ, ಖಾಲಿ ಬಂದದ್ದನ್ನು ಬಿಚ್ಚುವವಳೂ ಅವಳೇ. ಮನೆಗಳು ಅವಳಿಗೆ ಹೆಸರಿನಿಂದಲ್ಲ, ಹೊಲಿಗೆಯ ಗುರುತಿನಿಂದ ಗೊತ್ತು.

"ನೀಲಿ ಗಾಲಿ," ಎಂದಳು ರಾಯವ್ವ, ಬೆನ್ನು ನೆಟ್ಟಗೆ ಮಾಡಿ.

"ಓ, ನೀಲಿ ಗಾಲಿ." ಸಿದ್ದಲಿಂಗವ್ವ ಹೋಳಿಗೆಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡಳು. "ಹೊಲಿಗಿ ಭಾಳ ಛಲೋ ಹಾಕೀರಿ. ಆದ್ರ ಚೀಲ ಝಾಡಿಸಿದ್ರ ಒಂದ ಕಾಳ ಬೀಳಂಗಿಲ್ಲಲ್ಲ ಯಕ್ಕಾ? ಮಾಸ್ತರ ಮನಿಯಿಂದ ಉಂಡಿ ಬರತಾವು, ಕಿತ್ತೂರವ್ರು ಮಂಡಕ್ಕಿ ಹಾಕಿ ಕಳಸ್ತಾರ. ನಿಮ್ಮದೊಂದ ಮಡಿಚಿದ ಮಡಿಕಿ ಹಂಗ ಬರತೈತಿ. ಖಾಲಿ ಕಳಸೋದು ನಿಮ್ಮ ಕಡೆ ಪದ್ಧತಿ ಏನು?"

ತಮಾಷೆಗೇ ಅಂದದ್ದು. ಸಾಲಿನಲ್ಲಿ ಕೂತವರು ನಕ್ಕರು. ಯಶೋಧಾ ನಗಲಿಲ್ಲ, ತಲೆ ಎತ್ತಲೂ ಇಲ್ಲ. ಪಕ್ಕದಲ್ಲಿ ಅತ್ತೆಯ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟದ್ದು ಅವಳಿಗೆ ಕಂಡಿತು. ಆ ಕೈ ಕುಟ್ಟಿದ ಹಿಂಡಿಗಳು, ಬಾಯಿಗೆ ಹಾಕಿಕೊಂಡ ಬೆಲ್ಲದ ಚೂರುಗಳು, ಕಿಟಕಿಯ ಪಡಿಯಲ್ಲಿ ಬಿಟ್ಟುಬಂದ ಡಬ್ಬಿ, ಎಲ್ಲ ಒಂದಕ್ಕೊಂದು ಕೂಡಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಈಗ ಕೇಳುತ್ತಾಳೆ, ಎಲ್ಲರೆದುರಿಗೇ ಕೇಳುತ್ತಾಳೆ ಎಂದು ಯಶೋಧಾ ಕಾದಳು.

ರಾಯವ್ವ ಅವಳತ್ತ ನೋಡಲೇ ಇಲ್ಲ.

"ನನ್ನ ಕೈ ಸ್ವಲ್ಪ ಬಿಗಿ ಐತೆವ್ವಾ," ಎಂದಳು ನಗುತ್ತ. "ವಯಸ್ಸಾತು, ಮರವೂ ಹೆಚ್ಚಾಗೈತಿ. ಸೊಸಿ ನೆನಪ ಮಾಡತಿದ್ಲು, ನಾನ ಬಿಡು ಅಂತಿದ್ದೆ. ಇನ್ನ ಮ್ಯಾಲೆ ಹಂಗ ಆಗಂಗಿಲ್ಲ."

ಸಿದ್ದಲಿಂಗವ್ವ ಇನ್ನೊಂದು ಹೋಳಿಗೆ ಹಾಕಿ ಮುಂದೆ ಹೋದಳು. ಒಬ್ಬರ ಬಟ್ಟಲನ್ನೂ ಬರಿದು ಕಳಿಸದೆ ಮುದುಕಿಯಾದವಳು ಇಡೀ ಸಾಲಿನ ಮುಂದೆ ಜಿಪುಣಿ ಅನ್ನಿಸಿಕೊಂಡು, ಹೋಳಿಗೆ ಮುರಿದು ತಿಂದಳು. ಯಶೋಧಾಳಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಅತ್ತೆಗೆ ಅವಮಾನವಾಗಬಾರದೆಂದು ಇಷ್ಟು ದಿನ ಒದ್ದಾಡಿದವಳು, ಅವಮಾನವನ್ನು ತನ್ನ ಕೈಯಾರೆ ತಂದು ಅವಳ ತಾಟಿಗೆ ಬಡಿಸಿದ್ದಳು.

ತಿರುಗಿ ಬರುವಾಗ ಬೈಲಹೊಂಗಲದ ಬಸ್ಸಿನಲ್ಲಿ ಸೀಟು ಸಿಕ್ಕು, ಬಸ್ಸು ಬಿಟ್ಟ ಮೇಲೆ ರಾಯವ್ವ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು.

"ಬೆಲ್ಲ ಎಲ್ಲಿ ತರತಿದ್ದಿ?"

"ಬಜಾರದಾಗ್ರಿ. ಮೂಲಿ ಅಂಗಡ್ಯಾಗ."

"ಛಲೋ ಇತ್ತು. ಹಿಂಡಿ ಏನ ಮಾಡತಿದ್ದಿ?"

"ನಾನ ತಿಂತಿದ್ನಿರಿ."

"ಅಷ್ಟೂ?"

ಯಶೋಧಾ ತಲೆಯಾಡಿಸಿದಳು. ಹೇಳಬಾರದೆಂದುಕೊಂಡಿದ್ದನ್ನು ಹೇಳಿಬಿಟ್ಟಳು. ದವಾಖಾನೆಯ ಟೇಬಲ್ಲು, ಸೋಮವಾರ, ಹೊಟ್ಟೆನೋವು, ಘಮ ಎಲ್ಲ. ಅಳಲಿಲ್ಲ. ಅಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು.

"ಇವತ್ತ ಕರದ ಕುಂದ್ರಿಸಿ ಉಣಿಸಿದ್ರು ಖರೆ," ಎಂದಳು ಕೊನೆಗೆ. "ಆದ್ರ ಉಣಸೋದು ಬ್ಯಾರೆ, ನಮ್ಮದ ತಿನ್ನೋದು ಬ್ಯಾರೆ ಅತ್ತಿ."

"ಅದನ್ನ ನನಗ ಕಲಿಸ್ತಿಯೇನು?" ಎಂದಳು ರಾಯವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನನಗ ಗೊತ್ತಿಲ್ಲಂತ ತಿಳಕೊಂಡಿಯಾ? ಡಬ್ಬಿ ಇಡೂಮುಂದ ಪ್ರತಿ ವಾರ ಅಂಜತಿದ್ನಿ. ತಿಂತಾರೋ, ದನದ ಮುಂದ ಸುರೂತಾರೋ. ಸುರುವಿದ್ರ ಹೇಸಿಗಿ ಅವರ ಕೈಗೆ ಹತ್ತತಿತ್ತು. ನೀ ಖಾಲಿ ಚೀಲ ಕಳಿಸಿ ಅದನ್ನ ನಮ್ಮ ಕೈಗೆ ಹಚ್ಚಿದಿ." ಬಸ್ಸು ಒಂದು ಕುಣಿಗೆ ಬಿದ್ದು ಎದ್ದಿತು. "ಅವರು ಬ್ಯಾಡ ಅನ್ನೂಕಿಂತ ಮದಲ ನೀನ ಬ್ಯಾಡ ಅಂದಿ ನೋಡು ಯಶೋದಿ."

ಸ್ವಲ್ಪ ಹೊತ್ತಿಗೆ ಮುದುಕಿಯ ತಲೆ ಯಶೋಧಾಳ ಭುಜಕ್ಕೆ ಒರಗಿತು. ಬೈಲಹೊಂಗಲ ಬರುವವರೆಗೂ ಅವಳು ಭುಜ ಅಲುಗಿಸಲಿಲ್ಲ.

ಮುಂದಿನ ಭಾನುವಾರ ಚೀಲದಲ್ಲಿ ಡಬ್ಬಿಯಿತ್ತು. ಅಗಸಿ ಹಿಂಡಿಯೇ. ಯಶೋಧಾ ಗಿರಣಿಯ ಕಟ್ಟೆಯ ಮುಂದೆ ತನ್ನ ಸರದಿಗೆ ಕಾಯುತ್ತ, ಒಮ್ಮೆ ಚೀಲದೊಳಗೆ ಕೈ ಹಾಕಿದಳು. ತೆಗೆಯುವ ರೂಢಿ ಕೈಗೆ ಹತ್ತಿತ್ತು. ಡಬ್ಬಿಯನ್ನು ತೆಗೆದಳು, ಆದರೆ ಬ್ಯಾಗಿಗೆ ಹಾಕಲಿಲ್ಲ. "ನಮ್ಮ ಅತ್ತಿ ನಿಮ್ಮವ್ವಾರಿಗೆ ಕೊಟ್ಟಾರ್ರಿ," ಎಂದು ನಿಜಗುಣಪ್ಪನ ಕೈಯಲ್ಲಿಟ್ಟಳು. ಅವನು "ಆತ್ರಿ ಅಕ್ಕಾರ," ಎಂದು ಅದನ್ನು ಗಾಡಿಯ ಸೀಟಿನ ಮೇಲೆ ಇಟ್ಟು, ಕಿತ್ತೂರಿಗೆ ತಡವಾಯಿತೆಂದು ಹೊರಟ. ಉಂಡಿಯನ್ನು ತಿಂದಂತೆ ಅಲ್ಲೇ ಬಿಚ್ಚಿ ತಿನ್ನಲಿಲ್ಲ. ಹಿಂಡಿಯನ್ನು ಯಾರು ಬರಿದೇ ತಿನ್ನುತ್ತಾರೆ ಎಂದು ಯಶೋಧಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ವಾರವಿಡೀ ಆ ಸಮಾಧಾನ ಅವಳಿಗೆ ಸಾಲಲಿಲ್ಲ. ಸೂಜಿ ಚುಚ್ಚುವಾಗಲೂ ಆ ಡಬ್ಬಿ ಕಣ್ಣ ಮುಂದೆ ಬರುತ್ತಿತ್ತು, ಕೊಟ್ಟಿಗೆಯ ಗೋದಲಿಯ ಪಕ್ಕದಲ್ಲಿ ಬಾಯಿ ತೆರೆದು ಬಿದ್ದ ಹಾಗೆ. ಆ ವಾರ ರಾಯವ್ವ ಒಮ್ಮೆಯೂ ನಮ್ಮ ಹೊಲ ಎನ್ನಲಿಲ್ಲ.

ಅದರ ಮುಂದಿನ ಭಾನುವಾರ ಯಶೋಧಾ ಬೇಗನೇ ಹೋಗಿ ನಿಂತಳು. ನಿಜಗುಣಪ್ಪ ಚೀಲಗಳನ್ನೆಲ್ಲ ಇಳಿಸಿ, ಗಾಡಿಯ ಸೀಟಿನಿಂದ ಡಬ್ಬಿಯನ್ನು ತಂದುಕೊಟ್ಟ. ತೊಳೆದು ಒರೆಸಿದ ಡಬ್ಬಿ, ಒಳಗೆ ಸುಲಿದ ಹಸಿ ಕಡಲೆ. ಯಶೋಧಾ ಮುಚ್ಚಳ ತೆಗೆದು ನೋಡಿದಳು, ಮೂಸಿದಳು. ತೊಳೆದ ಸ್ಟೀಲು ಏನನ್ನೂ ಹೇಳುವುದಿಲ್ಲ. ಕಡಲೆಯನ್ನು ಯಾರೂ ತುಂಬಬಹುದು. ಹಿಂಡಿಯನ್ನು ಸುರುವಿದವರೂ ತುಂಬಬಹುದು. ಅವಳು "ಛಲೋ ಆತ್ರಿ," ಎಂದು ಹೊರಟಳು.

"ಅಕ್ಕಾರ, ಒಂದ ಮಾತು." ನಿಜಗುಣಪ್ಪ ತಲೆ ಕೆರೆದುಕೊಂಡ. ಹೇಳಲೋ ಬೇಡವೋ ಎಂಬ ಸಂಕೋಚ. "ತಪ್ಪ ತಿಳೀಬ್ಯಾಡ್ರಿ. ನಮ್ಮವ್ವ ಹೇಳಂತ ಗಂಟ ಬಿದ್ದಾಳ. ಹಿಂಡ್ಯಾಗ ಉಪ್ಪು ಹೆಚ್ಚಾಗೇತಂತ. ಬಳ್ಳೊಳ್ಳಿನೂ ಜಾಸ್ತಿ ಹುರದಾರಂತ, ಕಹಿ ಬರತೈತಂತ. ಮುಂದಿನ ಸಲ ಸ್ವಲ್ಪ ನೋಡಿ ಹಾಕ್ರಿ ಅಂತಾಳ."

ಯಶೋಧಾ ಗಿರಣಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಇಷ್ಟು ವರ್ಷದಲ್ಲಿ ಅವಳ ಮನೆಯ ಅಡುಗೆಗೆ ಹೊರಗಿನ ಯಾರೂ ಹೆಸರಿಟ್ಟು ಕೊರತೆ ಹೇಳಿರಲಿಲ್ಲ. ಹೆಸರಿಡಬೇಕಾದರೆ ಬಾಯಿಗೆ ಹಾಕಿಕೊಳ್ಳಬೇಕಲ್ಲ. ಮಾಸ್ತರರ ಹೆಂಡತಿ ಓಡಿಬಂದು "ಏನಾತ್ರಿ, ತಲಿಗೆ ಚಕ್ರ ಬಂತೇನ್ರಿ," ಎಂದು ಕೇಳಿದಳು. ಯಶೋಧಾ ಇಲ್ಲವೆಂದು ತಲೆಯಾಡಿಸುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿಜಗುಣಪ್ಪ ಗಾಬರಿಯಾಗಿ, ಅವ್ವನಿಗೆ ಬಾಯಿ ಜಾಸ್ತಿ, ಮನಸ್ಸಿಗೆ ಹಚ್ಚಿಕೊಳ್ಳಬ್ಯಾಡ್ರಿ ಎಂದು ಮತ್ತೆ ಮತ್ತೆ ಹೇಳಿದ.

ಮನೆಗೆ ಬಂದು ಅವಳು ಆ ಮಾತನ್ನು ಒಂದಕ್ಷರ ಬಿಡದೆ ಅತ್ತೆಗೆ ಒಪ್ಪಿಸಿದಳು. ರಾಯವ್ವ ಸುರುವಿದ ತರಕಾರಿಯ ನಡುವೆ ಕೂತು ಕೇಳಿದಳು. ಡಬ್ಬಿಯನ್ನು ತಗೊಂಡು ಕಡಲೆಯನ್ನು ಬೇರೆ ಬಟ್ಟಲಿಗೆ ಬಗ್ಗಿಸಿದಳು. ಸ್ವಲ್ಪ ಹೊತ್ತು ಖಾಲಿ ಡಬ್ಬಿಯನ್ನೇ ಉಡಿಯಲ್ಲಿಟ್ಟುಕೊಂಡು ಕೂತಳು.

"ಉಪ್ಪ ಹೆಚ್ಚಾಗಿತ್ತಂತೇನು?" ಎಂದಳು ಆಮೇಲೆ. ಹುಬ್ಬು ಗಂಟಿಕ್ಕಿತ್ತು. "ಆಕಿ ನಾಲಿಗಿ ಕೆಟ್ಟೈತಿ. ಅಗಸಿ ತಗಿ ಯಶೋದಿ, ಹುರೀಬೇಕು."